ಇಲ್ಲಿ ಸಲ್ಲುವ ನಾಣ್ಯ: ನಮ್ಮ ಮಾತು, ಕಥೆ, ಸಿನಿಮಾದೊಳಗಿನ ರೂಪಾಯಿ

"ಮರ್ತ್ಯಲೋಕವೆಂಬುದು ಕರ್ತಾರನ ಕಮ್ಮಟವಯ್ಯಾ, ಇಲ್ಲಿ ಸಲ್ಲುವರು ಅಲ್ಲಿಯೂ ಸಲ್ಲುವರಯ್ಯಾ." ಬಸವಣ್ಣನವರ ಈ ವಚನ ನಮ್ಮಲ್ಲಿ ಅನೇಕರಿಗೆ ಬಾಯಿಪಾಠ. ಆದರೆ ಹೇಳಿಕೊಂಡು ಹೋಗುವಾಗ 'ಕಮ್ಮಟ' ಎಂಬಲ್ಲಿ ನಿಂತು ನೋಡುವವರು ಕಡಿಮೆ. ಈಗ ಆ ಪದವನ್ನು ಕಥಾ ಕಮ್ಮಟ, ಕಾವ್ಯ ಕಮ್ಮಟ ಎಂದು ತರಬೇತಿ ಶಿಬಿರಗಳಿಗೆ ಬಳಸುತ್ತೇವೆ. ಅದರ ಮೂಲ ಅರ್ಥ ಟಂಕಸಾಲೆ, ನಾಣ್ಯಕ್ಕೆ ಅಚ್ಚು ಒತ್ತುವ ಜಾಗ. ಅರ್ಥ ಗೊತ್ತಾದ ಕೂಡಲೇ ವಚನ ಬೇರೆಯದೇ ಹೊಳಪಿನಲ್ಲಿ ಕಾಣುತ್ತದೆ. ಮನುಷ್ಯರು ದೇವರ ಟಂಕಸಾಲೆಯಲ್ಲಿ ತಯಾರಾದ ನಾಣ್ಯಗಳು. ಇಲ್ಲಿ ಚಲಾವಣೆಯಾದವು ಅಲ್ಲೂ ಚಲಾವಣೆಯಾಗುತ್ತವೆ, ಇಲ್ಲಿ ಸಲ್ಲದವು ಅಲ್ಲೂ ಸಲ್ಲುವುದಿಲ್ಲ. ಬಿಜ್ಜಳನ ಭಂಡಾರ ನೋಡಿಕೊಂಡವರಿಗೆ ಅಸಲಿ ನಾಣ್ಯ ಯಾವುದು, ಸವಕಲು ಯಾವುದು ಎಂಬುದು ದಿನನಿತ್ಯದ ಕೆಲಸವಾಗಿತ್ತಲ್ಲ.

ರೂಪಾಯಿ ನಮ್ಮ ಕಥೆಗಳಲ್ಲಿ, ಸಿನಿಮಾಗಳಲ್ಲಿ, ಗಾದೆಗಳಲ್ಲಿ ಹೇಗೆ ಬರುತ್ತದೆ ಎಂದು ಹುಡುಕುತ್ತಾ ಹೋದರೆ 'ಸಲ್ಲುವುದು' ಎಂಬ ಈ ಒಂದು ಪದ ಎಲ್ಲ ಕಡೆ ಎದುರಾಗುತ್ತದೆ. ಅರ್ಥಶಾಸ್ತ್ರ ಕೇಳುವುದು ರೂಪಾಯಿಗೆ ಏನು ಸಿಗುತ್ತದೆ ಎಂದು. ಕಥೆ ಹೇಳುವವರಿಗೆ ಆ ಪ್ರಶ್ನೆಯಲ್ಲಿ ಅಷ್ಟು ಆಸಕ್ತಿ ಇಲ್ಲ. ಈ ದುಡ್ಡನ್ನು ಯಾರು ಯಾರ ಕೈಗೆ ಕೊಟ್ಟರು, ಹೇಗೆ ಕೊಟ್ಟರು, ತೆಗೆದುಕೊಂಡವರು ಒಪ್ಪಿದರೇ ಎಂಬುದರ ಸುತ್ತಲೇ ಅವರ ಕಣ್ಣು.

ಮೊದಲು ಪದಗಳನ್ನೇ ನೋಡೋಣ. 'ರೂಪಾಯಿ' ಬಂದದ್ದು ಸಂಸ್ಕೃತದ 'ರೂಪ್ಯ'ದಿಂದ. ಪಾಣಿನಿಯ ವ್ಯಾಕರಣದಲ್ಲಿಯೇ ರೂಪವನ್ನು ಒತ್ತಿದ್ದು, ಅಂದರೆ ಮುದ್ರೆ ಬಿದ್ದದ್ದು ರೂಪ್ಯ ಎಂಬ ಸೂತ್ರ ಇದೆ. ಹೀಗಾಗಿ ಹೆಸರಿನಲ್ಲಿ ಹೊಳೆಯುವುದು ಬೆಳ್ಳಿಗಿಂತ ಹೆಚ್ಚಾಗಿ ಮುದ್ರೆ. 1540ರಿಂದ 1545ರವರೆಗೆ ಆಳಿದ ಶೇರ್ ಶಾ ಸೂರಿ ಸುಮಾರು ಹನ್ನೊಂದೂವರೆ ಗ್ರಾಂ ತೂಕದ ಬೆಳ್ಳಿ ನಾಣ್ಯಕ್ಕೆ ಈ ಹೆಸರನ್ನು ಗಟ್ಟಿ ಮಾಡಿದ. ಮೊಘಲರು ಅದನ್ನೇ ಮುಂದುವರಿಸಿದರು, ಬ್ರಿಟಿಷರೂ ಬಿಡಲಿಲ್ಲ.

ಕನ್ನಡದಲ್ಲಿ ಇನ್ನೊಂದು ಸೊಗಸಿದೆ. ಹಣ, ಕಾಸು, ದುಡ್ಡು: ಇಂದು ಇವು ಮೂರೂ ಒಂದೇ ಅರ್ಥದ ಪದಗಳು. ಆದರೆ ಒಂದು ಕಾಲಕ್ಕೆ ಮೂರೂ ಬೇರೆ ಬೇರೆ ನಾಣ್ಯಗಳ ಹೆಸರಾಗಿದ್ದವು. ಹಣ ಎಂದರೆ ಪುಟ್ಟ ಚಿನ್ನದ ನಾಣ್ಯ. ಮೈಸೂರಿನ ಕಂಠೀರವ ನರಸರಾಜ ಒಡೆಯರು 17ನೆಯ ಶತಮಾನದಲ್ಲಿ ಹೊರಡಿಸಿದ ಕಂಠೀರಾಯ ಹಣ ಉಗುರಿನ ತುದಿಯಲ್ಲಿ ನಿಲ್ಲುವಷ್ಟು ಚಿಕ್ಕದು. ದುಡ್ಡು ತಾಮ್ರದ್ದು. ಹಣದ ಕಾಲು ಭಾಗಕ್ಕೆ ಹಾಗ, ಹದಿನಾರನೆಯ ಒಂದು ಭಾಗಕ್ಕೆ ವೀಸ. ದಾಸರ ಪದಗಳಲ್ಲಿ ದುಗ್ಗಾಣಿ ಬರುತ್ತದೆ. ಉತ್ತರ ಕರ್ನಾಟಕದ ರೊಕ್ಕಕ್ಕೂ ಹಳೆಯ ನಾಣ್ಯದ ನೆನಪಿದೆ. ನಾಣ್ಯಗಳು ಕರಗಿ ಹೋದವು, ಹೆಸರುಗಳು ನಾಲಗೆಯ ಮೇಲೆ ಉಳಿದವು. 'ದುಡ್ಡೇ ದೊಡ್ಡಪ್ಪ' ಎನ್ನುವಾಗ ಯಾರೂ ತಾಮ್ರದ ಬಿಲ್ಲೆಯನ್ನು ನೆನೆಯುವುದಿಲ್ಲ. 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎನ್ನುವವರು ಕವಡೆಯೇ ಹಣವಾಗಿದ್ದ ಕಾಲವನ್ನು ಕಂಡವರಲ್ಲ.

ಇದರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು 'ನಯಾಪೈಸೆ'ಯ ಕಥೆ. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ, ಪೈಸೆಗೆ ಮೂರು ಪೈ. ಅಂದರೆ ರೂಪಾಯಿಗೆ 64 ಪೈಸೆ ಅಥವಾ 192 ಪೈ. ಅಂದಿನಿಂದ ದಶಮಾಂಶ ಪದ್ಧತಿ ಬಂದು ರೂಪಾಯಿಗೆ 100 ಪೈಸೆಯಾಯಿತು. ಹಳೆಯ ಪೈಸೆಗೂ ಹೊಸದಕ್ಕೂ ಗೊಂದಲವಾಗದಿರಲೆಂದು ಸರ್ಕಾರ ಹೊಸದನ್ನು 'ನಯಾ ಪೈಸೆ' ಎಂದು ಕರೆಯಿತು. ಜನರಿಗೆ ಲೆಕ್ಕ ರೂಢಿಯಾದ ಮೇಲೆ, 1964ರಲ್ಲಿ, 'ನಯಾ' ಎಂಬುದನ್ನು ಕೈಬಿಟ್ಟಿತು. ಸರ್ಕಾರಿ ಲೆಕ್ಕದಲ್ಲಿ ಏಳು ವರ್ಷ ಬಾಳಿದ ಆ ಹೆಸರು ಇವತ್ತಿಗೂ ನಮ್ಮ ಜಗಳಗಳಲ್ಲಿ ಜೀವಂತ: "ನಯಾಪೈಸೆ ಕೊಡಲ್ಲ, ಏನ್ ಮಾಡ್ಕೋತೀಯೋ ಮಾಡ್ಕೋ." ಪೈಸೆಯೇ ಕೈಗೆ ಸಿಗದ ಕಾಲದಲ್ಲಿ ಹುಟ್ಟಿದ ಹುಡುಗರೂ ಹೀಗೆ ಹೇಳುತ್ತಾರೆ. ಆಣೆಯೂ ಹಾಗೆಯೇ. ಪೂರ್ತಿ ನಿಜ ಎನ್ನಬೇಕಾದರೆ 'ಹದಿನಾರಾಣೆ ಸತ್ಯ' ಎನ್ನುತ್ತೇವೆ. ಐವತ್ತು ಪೈಸೆಯ ನಾಣ್ಯವನ್ನು ಎಂಟಾಣೆ ಎನ್ನದೆ ಬೇರೆ ಹೆಸರಿನಿಂದ ಕರೆದವರು ಅಪರೂಪ.

ಸಿನಿಮಾ ಈ ಹಳೆಯ ಲೆಕ್ಕವನ್ನು ಎಷ್ಟು ಸಲೀಸಾಗಿ ಹೊತ್ತುಕೊಂಡಿತು ನೋಡಿ. ದಶಮಾಂಶ ಪದ್ಧತಿ ಬಂದ ಮರುವರ್ಷ, 1958ರಲ್ಲಿ ತೆರೆಕಂಡ 'ಚಲ್ತೀ ಕಾ ನಾಮ್ ಗಾಡಿ' ಹಿಂದಿ ಚಿತ್ರದಲ್ಲಿ ಕಿಶೋರ್ ಕುಮಾರ್ ಐದು ರೂಪಾಯಿ ಹನ್ನೆರಡು ಆಣೆಗಾಗಿ ಒಂದು ಇಡೀ ಹಾಡನ್ನೇ ಹಾಡುತ್ತಾರೆ. ನಾಯಕಿಯ ಕಾರು ರಿಪೇರಿ ಮಾಡಿದ ಮೆಕ್ಯಾನಿಕ್‌ಗೆ ಬರಬೇಕಾದ ಕೂಲಿ ಅದು. ಅದನ್ನು ವಸೂಲು ಮಾಡಲು ಹೋದವನಿಗೆ ಪ್ರೀತಿ ಹುಟ್ಟುತ್ತದೆ. ಸರ್ಕಾರದ ಪ್ರಕಾರ ಅದು ಐದು ರೂಪಾಯಿ ಎಪ್ಪತ್ತೈದು ನಯಾ ಪೈಸೆ. ಆ ಲೆಕ್ಕಕ್ಕೆ ರಾಗ ಕೂಡುವುದಿಲ್ಲ. ಹನ್ನೆರಡು ಆಣೆಗೆ ಕೂಡುತ್ತದೆ.

ಕಥೆಯೊಳಗಿನ ಮೊತ್ತವನ್ನು ಓದುವುದು ಒಂದು ಕಲೆ. ಹಳೆಯ ಕಥೆಯಲ್ಲಿ ಮೂರು ಪೈಸೆ ಎಂದು ಬಂದರೆ ಇವತ್ತಿನ ಓದುಗ ನಕ್ಕು ಮುಂದೆ ಹೋಗಬಹುದು, ಇಲ್ಲವೇ ಆಗಿನ ಮೂರು ಪೈಸೆ ಈಗಿನ ಎಷ್ಟಕ್ಕೆ ಸಮ ಎಂದು ಕೇಳಬಹುದು. ಎರಡರಿಂದಲೂ ಕಥೆ ಕೈಗೆ ಹತ್ತುವುದಿಲ್ಲ. ಒಳ್ಳೆಯ ಕಥೆಗಾರ ತನ್ನ ಕಥೆಗೆ ಬೇಕಾದ ತಕ್ಕಡಿಯನ್ನು ಕಥೆಯೊಳಗೇ ಇಟ್ಟಿರುತ್ತಾನೆ. ಶಾಲೆಯ ಹಿಂದಿ ಪಠ್ಯದಲ್ಲಿ ಅನೇಕರು ಓದಿರುವ ಪ್ರೇಮಚಂದರ 'ಈದ್ಗಾಹ್' ಇದಕ್ಕೆ ಅತಿ ಒಳ್ಳೆಯ ಉದಾಹರಣೆ. ಹಬ್ಬದ ದಿನ ಜಾತ್ರೆಗೆ ಹೊರಟ ಹುಡುಗರು ಜೇಬಿನ ಕಾಸು ಎಣಿಸುತ್ತಾರೆ. ಮಹಮೂದನ ಬಳಿ ಹನ್ನೆರಡು ಪೈಸೆ, ಮೊಹ್ಸಿನ್ ಬಳಿ ಹದಿನೈದು, ಹಾಮಿದ್ ಬಳಿ ಮೂರು. ಅಪ್ಪ ಅಮ್ಮ ಇಲ್ಲದ, ಅಜ್ಜಿಯ ಆಸರೆಯಲ್ಲಿ ಬೆಳೆಯುವ ಪುಟ್ಟ ಹುಡುಗನ ಬಡತನ ಎಷ್ಟೆಂದು ಈ ಮೂರು ಸಂಖ್ಯೆಗಳು ಹೇಳಿಬಿಟ್ಟವು. ಬೇರೆ ವರ್ಣನೆ ಬೇಕಿಲ್ಲ. ಮಣ್ಣಿನ ಗೊಂಬೆಗಳಿಗೆ ಎರಡೆರಡು ಪೈಸೆ. ಗೊಂಬೆ ಕೊಂಡರೆ ಉಳಿಯುವುದು ಒಂದೇ. ಅವನು ಕಬ್ಬಿಣದ ಅಂಗಡಿಯ ಮುಂದೆ ನಿಂತು ಚಿಮಟ ಕೇಳುತ್ತಾನೆ, ಏಕೆಂದರೆ ರೊಟ್ಟಿ ಬೇಯಿಸುವಾಗ ಅಜ್ಜಿಯ ಬೆರಳು ಸುಡುತ್ತವೆ. ಅಂಗಡಿಯವನು ಆರು ಪೈಸೆ ಎನ್ನುತ್ತಾನೆ, ಐದಕ್ಕೆ ಇಳಿಯುತ್ತಾನೆ. ಹುಡುಗ ಎದೆ ಗಟ್ಟಿ ಮಾಡಿಕೊಂಡು ಮೂರಕ್ಕೆ ಕೊಡ್ತೀರಾ ಎಂದು ಕೇಳಿ ಬೈಸಿಕೊಳ್ಳುವ ಭಯಕ್ಕೆ ಮುಂದೆ ನಡೆದುಬಿಡುತ್ತಾನೆ. ಮೂರು ಪೈಸೆ ಎಂದರೆ ಆಗಿನ ಲೆಕ್ಕದಲ್ಲಿ ಒಂದಾಣೆಯೂ ಅಲ್ಲ. ಆದರೆ ಅದು ಆ ಹುಡುಗನ ಬಳಿ ಇದ್ದ ಎಲ್ಲವೂ ಹೌದು. ಬೆಲೆ ಏರಿಕೆಯ ಯಾವ ಕೋಷ್ಟಕ ಹಿಡಿದು ಗುಣಿಸಿದರೂ ಈ 'ಎಲ್ಲವೂ' ಎಂಬುದರ ತೂಕ ಸಿಗದು.

ಅದೇ ಲೇಖಕರ 'ಗೋದಾನ' 1936ರ ಕಾದಂಬರಿ. ಜೀವನವಿಡೀ ಒಂದು ಹಸುವಿಗಾಗಿ ಹಂಬಲಿಸಿದ ರೈತ ಹೋರಿ ಸಾಯುವಾಗ ಗೋದಾನ ಮಾಡಿಸಬೇಕೆಂದು ಸುತ್ತಲಿನವರು ಹೇಳುತ್ತಾರೆ. ಹೆಂಡತಿ ಧನಿಯಾ ಅಂದು ಹುರಿ ಮಾರಿ ಬಂದ ಇಪ್ಪತ್ತು ಆಣೆಯನ್ನು ತಂದು ಗಂಡನ ತಣ್ಣಗಾದ ಕೈಯಲ್ಲಿಟ್ಟು, ಇದೇ ಇವರ ಗೋದಾನ ಎನ್ನುತ್ತಾಳೆ. ಇಪ್ಪತ್ತು ಆಣೆ ಎಂದರೆ ಒಂದೂಕಾಲು ರೂಪಾಯಿ. ಆ ದುಡ್ಡು ಹಸುವಿನ ಬದಲಿಗೆ ಸಲ್ಲುತ್ತದೆಯೇ? ಪುರೋಹಿತನ ಪಾಲಿಗೆ ಸಲ್ಲಬಹುದು. ಓದುಗನ ಎದೆಯಲ್ಲಿ ಅದು ಇಡೀ ಒಂದು ವ್ಯವಸ್ಥೆಯ ಮೇಲಿನ ತೀರ್ಪಾಗಿ ಉಳಿಯುತ್ತದೆ.

ಕನ್ನಡದಲ್ಲಿ ಕಾರಂತರ ಚೋಮನನ್ನು ಇವನ ಪಕ್ಕದಲ್ಲೇ ನಿಲ್ಲಿಸಬಹುದು. ಸಾಲದ ಮೊತ್ತಕ್ಕಿಂತ ಅದು ತೀರದೇ ಇರುವ ಬಗೆ ಅಲ್ಲಿ ಮುಖ್ಯ. ಅದನ್ನು ತೀರಿಸಲು ಮಕ್ಕಳು ಒಬ್ಬೊಬ್ಬರಾಗಿ ಕಾಫಿ ತೋಟಕ್ಕೆ ಹೋಗಬೇಕಾಗುತ್ತದೆ. ಮಗಳು ಬೆಳ್ಳಿ ತೆರುವ ಬೆಲೆ ಯಾವ ಲೆಕ್ಕದ ಪುಸ್ತಕದಲ್ಲೂ ಬರೆಯುವಂಥದ್ದಲ್ಲ. ಬೇಂದ್ರೆಯವರು ಕಾಂಚಾಣವನ್ನು ಕುರುಡು ಎಂದದ್ದು, ಕಾಲಿಗೆ ಬಿದ್ದವರನ್ನೇ ತುಳಿಯುವುದೆಂದು ಕಂಡದ್ದು ಇಂಥ ಬದುಕುಗಳನ್ನು ನೋಡಿಯೇ.

ಇನ್ನು ಕೊಡುವ ಬಗೆ. ಮದುವೆಯ ಮುಯ್ಯಿಗೆ ನೂರಾ ಒಂದು, ಐನೂರಾ ಒಂದು ಎಂದು ಒಂದು ರೂಪಾಯಿ ಸೇರಿಸುತ್ತೇವೆ. ಸೊನ್ನೆಯಲ್ಲಿ ಮುಗಿಯಬಾರದು, ಸಂಬಂಧ ಮುಂದುವರಿಯಬೇಕು ಎಂಬುದು ಹೆಚ್ಚಿನವರು ಕೊಡುವ ವಿವರಣೆ. ಲಕೋಟೆಗಳ ಮೇಲೆ ಒಂದು ರೂಪಾಯಿಯ ನಾಣ್ಯ ಅಂಟಿಸಿಯೇ ಮಾರುತ್ತಾರೆ. ಆ ಒಂದು ರೂಪಾಯಿಗೆ ಅಂಗಡಿಯಲ್ಲಿ ಹೆಚ್ಚೇನೂ ಬರದು, ಉಡುಗೊರೆಯಲ್ಲಿ ಮಾತ್ರ ಅದೇ ಮುಖ್ಯ. ಕೈಯಲ್ಲಿಟ್ಟರೆ ಉಡುಗೊರೆಯಾಗುವ ದುಡ್ಡು ಎಸೆದರೆ ಅವಮಾನವಾಗುತ್ತದೆ. 1975ರ 'ದೀವಾರ್' ಚಿತ್ರದಲ್ಲಿ ಬೂಟು ಪಾಲಿಶ್ ಮಾಡುವ ಹುಡುಗ ಎಸೆದ ಕಾಸನ್ನು ಎತ್ತಿಕೊಳ್ಳುವುದಿಲ್ಲ, ಕೈಗೆ ಕೊಡಿ ಎನ್ನುತ್ತಾನೆ. ಬೆಳೆದು ದೊಡ್ಡವನಾದ ಮೇಲೆಯೂ ಅದೇ ಹಠ. ಆ ಪಾತ್ರದ ಇಡೀ ವ್ಯಕ್ತಿತ್ವ ಆ ಒಂದು ನಿರಾಕರಣೆಯಲ್ಲಿದೆ. ವಿಚಿತ್ರವೆಂದರೆ ಅದೇ ಎಸೆತ ಚಿತ್ರಮಂದಿರದಲ್ಲಿ ಭಕ್ತಿಯಾಗುತ್ತದೆ. ನೆಚ್ಚಿನ ನಟ ತೆರೆಯ ಮೇಲೆ ಕಾಣಿಸಿಕೊಂಡಾಗ ಅಭಿಮಾನಿಗಳು ಪರದೆಯತ್ತ ಚಿಲ್ಲರೆ ತೂರುತ್ತಾರೆ. ನಾಯಕರಿಗೆ ನೋಟಿನ ಹಾರ ಹಾಕುವುದೂ ಇದೇ ಸಾಲಿನದು. ರಿಸರ್ವ್ ಬ್ಯಾಂಕ್ ನೋಟುಗಳನ್ನು ಹಾರಕ್ಕೆ, ಚಪ್ಪರದ ಅಲಂಕಾರಕ್ಕೆ, ಸಮಾರಂಭಗಳಲ್ಲಿ ತೂರಲು ಬಳಸಬೇಡಿ ಎಂದು ಕೇಳಿಕೊಂಡಿದ್ದರೂ ರೂಢಿ ಬಿಟ್ಟಿಲ್ಲ.

ಅದೇ ವರ್ಷದ 'ಶೋಲೆ'ಯಲ್ಲಿ ಎರಡು ಬಗೆಯ ದುಡ್ಡಿದೆ. ಒಂದು, ದರೋಡೆಕೋರನ ತಲೆಗೆ ಸರ್ಕಾರ ಕಟ್ಟಿದ ಐವತ್ತು ಸಾವಿರದ ಬೆಲೆ. ಅದನ್ನು ಸಹಚರನ ಬಾಯಲ್ಲಿ ಹೇಳಿಸಿಕೊಂಡು ಅವನು ಹಿಗ್ಗುತ್ತಾನೆ. ಇನ್ನೊಂದು, ಜೈ ಚಿಮ್ಮುತ್ತಲೇ ಇರುವ ನಾಣ್ಯ. ಕಷ್ಟದ ಹೊತ್ತಿನಲ್ಲಿ ಇಬ್ಬರಲ್ಲಿ ಯಾರು ಏನು ಮಾಡಬೇಕೆಂದು ಅದು ತೀರ್ಮಾನಿಸುತ್ತದೆ. ಗೆಳೆಯ ಸತ್ತ ಮೇಲೆ ವೀರು ಅದನ್ನು ತಿರುಗಿಸಿ ನೋಡಿದರೆ ಎರಡೂ ಬದಿಯಲ್ಲಿ ಒಂದೇ ಮುಖ. ಸಾವಿನ ಪಾಲು ಯಾವಾಗಲೂ ತನಗೇ ಬರಲೆಂದು ಜೈ ಇಟ್ಟುಕೊಂಡ ಖೋಟಾ ನಾಣ್ಯ ಅದು. ಯಾವ ಅಂಗಡಿಯಲ್ಲೂ ನಡೆಯದ ಆ ನಾಣ್ಯ ಸ್ನೇಹದಲ್ಲಿ ಪೂರ್ತಿ ಸಂದಿತು.

ನೋಟಿನ ಮೇಲಿನ ಚಿತ್ರ ಕೂಡ ಕಥೆ ಹುಟ್ಟಿಸುತ್ತದೆ. ಕಚೇರಿಯ ಗೋಡೆಯ ಮೇಲೆ ಗಾಂಧಿ, ಮೇಜಿನ ಕೆಳಗೆ ಸರಿಯುವ ನೋಟಿನಲ್ಲೂ ಗಾಂಧಿ. ಲಂಚದ ದೃಶ್ಯವೆಂದರೆ ನಮ್ಮ ಸಿನಿಮಾಗಳಿಗೆ, ವ್ಯಂಗ್ಯಚಿತ್ರಗಳಿಗೆ ಇದು ಸಿದ್ಧ ಚೌಕಟ್ಟು. ಆದರೆ ಇದು ನಾವು ಅಂದುಕೊಂಡಷ್ಟು ಹಳೆಯದಲ್ಲ. ಗಾಂಧೀಜಿ ಮೊದಲು ನೋಟಿನ ಮೇಲೆ ಬಂದದ್ದು 1969ರ ಜನ್ಮಶತಾಬ್ದಿಯ ನೆನಪಿಗೆ. 1987ರಲ್ಲಿ ಐನೂರರ ನೋಟಿಗೆ ಬಂದರು. ದಿನಬಳಕೆಯ ನೋಟುಗಳಲ್ಲಿ ನೆಲೆನಿಂತದ್ದು 1996ರ ಸರಣಿಯಿಂದ. ಅದಕ್ಕೂ ಹಿಂದಿನ ಲಂಚದ ದೃಶ್ಯಗಳಲ್ಲಿ ಕೈ ಬದಲಾಯಿಸುತ್ತಿದ್ದದ್ದು ಅಶೋಕ ಸ್ತಂಭದ ಸಿಂಹಗಳು. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿದ್ದ ಆರ್ಯಭಟ ಉಪಗ್ರಹ ಬೆಂಗಳೂರಿನ ಪೀಣ್ಯದಲ್ಲಿ ತಯಾರಾದದ್ದು. ಈಗಿನ ಐವತ್ತರ ನೋಟಿನಲ್ಲಿ ಹಂಪಿಯ ಕಲ್ಲಿನ ರಥ ಇದೆ. ಇವುಗಳಿಂದ ಗಾಂಧಿಯಷ್ಟು ಕಥೆ ಹುಟ್ಟಲಿಲ್ಲ.

ಸಿನಿಮಾದ ಸೂಟ್‌ಕೇಸಿನಲ್ಲಿ ಕಾಣುವ ಕಂತೆಗಳ ಬಗ್ಗೆ ಒಂದು ಮಾತು. ಮೇಲೊಂದು ಕೆಳಗೊಂದು ಅಸಲಿ ನೋಟಿಟ್ಟು ನಡುವೆ ಬಿಳಿ ಹಾಳೆ ತುಂಬುವುದು ಹಳೆಯ ಉಪಾಯ. ಮೋಸಗಾರರದೂ ಅದೇ ಉಪಾಯ. ಇನ್ನೊಂದು ದಾರಿ, ಚಿತ್ರೀಕರಣಕ್ಕೆ ಮಾತ್ರ ಎಂದು ಬರೆದ ನಕಲು ನೋಟುಗಳು. ಮಕ್ಕಳ ಆಟಕ್ಕೆ 'ಚಿಲ್ಡ್ರನ್ ಬ್ಯಾಂಕ್' ನೋಟುಗಳಿವೆ. ನೋಟನ್ನು ಹೋಲುವ ಕಾಗದ ತಯಾರಿಸುವುದೂ ಕಾನೂನಿನ ಪ್ರಕಾರ ತಪ್ಪು, ಮೋಸ ಮಾಡುವ ಉದ್ದೇಶ ಇಲ್ಲದಿದ್ದರೂ. ಮೊದಲು ಭಾರತೀಯ ದಂಡ ಸಂಹಿತೆಯ 489ಇ, ಈಗ ಭಾರತೀಯ ನ್ಯಾಯ ಸಂಹಿತೆಯ 182ನೆಯ ಕಲಮು ಇದಕ್ಕೆಂದೇ ಇದೆ. ಅಂಥ ಆಟದ ನೋಟುಗಳೇ 2017ರಲ್ಲಿ ದೆಹಲಿಯ ಒಂದು ಎಟಿಎಂನಿಂದ ಹೊರಬಂದು ದೊಡ್ಡ ಸುದ್ದಿಯಾಯಿತು.

ಕಾನೂನು ಸಲ್ಲುತ್ತದೆ ಎಂದರೆ ಸಾಕೇ? ಇಲ್ಲಿ ವಿಷಯ ನಿಜಕ್ಕೂ ಜಟಿಲವಾಗುತ್ತದೆ. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಐವತ್ತು ಪೈಸೆ ಇವತ್ತಿಗೂ ಕಾನೂನಿನ ಪ್ರಕಾರ ಚಲಾವಣೆಯಲ್ಲಿದೆ, ಆದರೆ ಯಾವ ಅಂಗಡಿಯವನೂ ಮುಟ್ಟುವುದಿಲ್ಲ. ಹತ್ತು ರೂಪಾಯಿ ನಾಣ್ಯಕ್ಕೂ ಒಂದಷ್ಟು ಕಾಲ ಹೀಗೇ ಆಯಿತು. ಇದು ಖೋಟಾ, ಅದರ ಗೆರೆಗಳು ಕಡಿಮೆ ಎಂಬ ಗಾಳಿಮಾತು ಹಬ್ಬಿ ಬಸ್ಸಿನಲ್ಲಿ, ಸಂತೆಯಲ್ಲಿ ಜನ ತೆಗೆದುಕೊಳ್ಳಲು ನಿರಾಕರಿಸಿದರು. ಬೇರೆ ಬೇರೆ ಕಾಲದಲ್ಲಿ ಬಂದ ಹದಿನಾಲ್ಕೂ ವಿನ್ಯಾಸಗಳು ಅಸಲಿಯೇ ಎಂದು 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೇಳಬೇಕಾಯಿತು. 2016ರ ನವೆಂಬರ್ 8ರ ರಾತ್ರಿ ಆದದ್ದು ಇದರ ತಿರುಗುಮುರುಗು. ಅಂದು ಸಂಜೆಯವರೆಗೆ ಎಲ್ಲರೂ ಒಪ್ಪುತ್ತಿದ್ದ ಐನೂರು, ಸಾವಿರದ ನೋಟುಗಳು, ಮೌಲ್ಯದ ಲೆಕ್ಕದಲ್ಲಿ ಚಲಾವಣೆಯ ಸುಮಾರು ಶೇಕಡಾ 86ರಷ್ಟು, ಮಧ್ಯರಾತ್ರಿಗೆ ಸಲ್ಲದವಾದವು. ಹೊಸ ಎರಡು ಸಾವಿರದ ನೋಟಿನಲ್ಲಿ ಉಪಗ್ರಹಕ್ಕೆ ಸುಳಿವು ಕೊಡುವ ಚಿಪ್ ಇದೆ ಎಂಬ ವದಂತಿ ಮನೆಮನೆ ಮುಟ್ಟಿತು, ಕೆಲವು ಟಿವಿ ಚಾನೆಲ್‌ಗಳೂ ನಂಬಿ ವಿವರಿಸಿದವು. ಅಂಥ ಚಿಪ್ ಇರಲೇ ಇಲ್ಲ. ಹಿಂದಿನ ದಿನದವರೆಗೆ ಯಾವುದು ದುಡ್ಡೆಂದು ಅನುಮಾನವೇ ಇರದಿದ್ದವರಿಗೆ ಒಂದೇ ರಾತ್ರಿಯಲ್ಲಿ ಆ ನಂಬಿಕೆ ಅಲುಗಿದಾಗ, ಹೊಸ ಕಾಗದವನ್ನು ನಂಬಲು ಏನಾದರೊಂದು ಕಥೆ ಬೇಕಿತ್ತು ಎಂದೇ ನಾನು ಆ ವದಂತಿಯನ್ನು ಅರ್ಥಮಾಡಿಕೊಳ್ಳುವುದು.

ನೋಟನ್ನು ಒಮ್ಮೆ ಕೈಗೆ ತೆಗೆದುಕೊಂಡು ಓದಿ. ಧಾರಕನಿಗೆ ಇಷ್ಟು ರೂಪಾಯಿ ಕೊಡುವುದಾಗಿ ಮಾತು ಕೊಡುತ್ತೇನೆ ಎಂದು ರಿಸರ್ವ್ ಬ್ಯಾಂಕಿನ ಗವರ್ನರ್ ಸಹಿ ಹಾಕಿರುತ್ತಾರೆ. ಹಿಂದಿಯಲ್ಲಿ ಅಲ್ಲಿರುವ ಪದ 'ವಚನ್'. ಕನ್ನಡಿಗರ ಕಿವಿಗೆ ಅದು ಎಲ್ಲಿಗೋ ಹೋಗಿ ತಾಕುತ್ತದೆ. ಒಂದು ರೂಪಾಯಿಯ ನೋಟಿನಲ್ಲಿ ಮಾತ್ರ ಈ ಭರವಸೆ ಇಲ್ಲ. ಅದನ್ನು ಹೊರಡಿಸುವುದು ಭಾರತ ಸರ್ಕಾರ, ಸಹಿ ಹಣಕಾಸು ಕಾರ್ಯದರ್ಶಿಯದು. ಕಾನೂನಿನ ಕಣ್ಣಿಗೆ ಅದು ನಾಣ್ಯಕ್ಕೆ ಸಮ. ಉಳಿದ ನೋಟೆಲ್ಲ ಕೊಟ್ಟ ಮಾತು.

ಕೊಟ್ಟ ಮಾತಿನ ಮೇಲೆ ನಿಂತ ವ್ಯವಹಾರ ಹೇಗೆ ಕುಸಿಯುತ್ತದೆ ಎಂಬುದನ್ನು ಅರ್ಥಶಾಸ್ತ್ರದ ಪುಸ್ತಕಕ್ಕಿಂತ ಚೆನ್ನಾಗಿ ಹೇಳಿದ್ದು ಆರ್.ಕೆ. ನಾರಾಯಣರ ಮಾರ್ಗಯ್ಯ. 1952ರ ಆ ಕಾದಂಬರಿಯನ್ನು 1983ರಲ್ಲಿ ಟಿ.ಎಸ್. ನಾಗಾಭರಣ 'ಬ್ಯಾಂಕರ್ ಮಾರ್ಗಯ್ಯ' ಎಂದು ಕನ್ನಡಕ್ಕೆ ತಂದರು, ಲೋಕೇಶ್ ಮಾರ್ಗಯ್ಯನಾದರು. ಸಹಕಾರಿ ಬ್ಯಾಂಕಿನ ಎದುರು ಆಲದ ಮರದ ಕೆಳಗೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಹಳ್ಳಿಗರಿಗೆ ಸಾಲದ ಅರ್ಜಿ ಬರೆದುಕೊಡುವ ಮನುಷ್ಯ ಅವನು. ಅವನ ಬಂಡವಾಳ ಒಂದು ಲೆಕ್ಕದ ಪುಸ್ತಕ, ಅದನ್ನೂ ಮುದ್ದಿನ ಮಗ ಚರಂಡಿಗೆ ಎಸೆಯುತ್ತಾನೆ. ಮುಂದೆ ಲಕ್ಷ್ಮಿಯ ಪೂಜೆ, ಪುಸ್ತಕ ಪ್ರಕಟಣೆ, ಕೊನೆಗೆ ದೊಡ್ಡ ಬಡ್ಡಿಯ ಆಸೆ ತೋರಿಸಿ ಠೇವಣಿ ಸಂಗ್ರಹ. ಯುದ್ಧಕಾಲದ ಕಪ್ಪುಹಣ ಅವನ ಮನೆಗೆ ಮೂಟೆಯಲ್ಲಿ ಬರುತ್ತದೆ. ಅವನು ಮಾಡುವುದಿಷ್ಟೇ: ಇಂದು ಬಂದವನ ದುಡ್ಡಿನಲ್ಲಿ ನಿನ್ನೆಯವನಿಗೆ ಬಡ್ಡಿ ಕೊಡುವುದು. ಎಲ್ಲರೂ ಒಟ್ಟಿಗೆ ಕೇಳದಿರುವವರೆಗೆ ಅದು ಸಲ್ಲುತ್ತದೆ. ಒಬ್ಬನ ಜೊತೆ ಕೈಕೈ ಮಿಲಾಯಿಸಿದ್ದೇ ತಡ, ಅವನು ಊರಲ್ಲಿ ಪಿಸುಗುಟ್ಟುತ್ತಾನೆ, ಮರುದಿನ ಮನೆ ಮುಂದೆ ಜನಸಾಗರ. ಪೆಟ್ಟಿಗೆಯಲ್ಲಿದ್ದ ಅದೇ ಹಣ, ಅದೇ ಮನುಷ್ಯ. ಬದಲಾದದ್ದು ಊರಿನ ನಂಬಿಕೆ ಮಾತ್ರ. ಮಾರ್ಗಯ್ಯನಿಗೆ ಮತ್ತೆ ಆಲದ ಮರವೇ ಗತಿ.

ಹಳೆಯ ಕಾಲದಲ್ಲಿ ನಾಣ್ಯ ಅಸಲಿಯೇ ಎಂದು ತಿಳಿಯಲು ಕಲ್ಲಿನ ಮೇಲೆ ಕುಟ್ಟಿ ಅದರ ನಾದ ಕೇಳುತ್ತಿದ್ದರು. ಬೆಳ್ಳಿಗೆ ಒಂದು ದನಿ, ಬೆರಕೆಗೆ ಇನ್ನೊಂದು. ಆಮೇಲೆ ಕಾಗದದ ನೋಟು ಬಂತು. ಅದಕ್ಕೆ ನಾದವಿರಲಿಲ್ಲ, ಕಣ್ಣಿನ ಕೆಲಸ ಶುರುವಾಯಿತು: ಬೆಳಕಿಗೆ ಹಿಡಿದು ನೀರಚ್ಚು ನೋಡುವುದು, ಎಳೆಯನ್ನು ಸವರುವುದು. 2016ರಲ್ಲಿ ಯುಪಿಐ ಬಂದ ಮೇಲೆ ನೋಡಲಿಕ್ಕೂ ಏನೂ ಉಳಿಯಲಿಲ್ಲ. ಫೋನಿನ ಪರದೆಯ ಮೇಲಿನ ಹಸಿರು ಗುರುತನ್ನು ನಕಲು ಮಾಡಿ ತೋರಿಸುವವರೂ ಹುಟ್ಟಿಕೊಂಡರು. ಈಗ ಅಂಗಡಿಯವರು ಗಿರಾಕಿಯ ಫೋನನ್ನು ನೋಡುವುದಿಲ್ಲ. ಕೈ ಸಾಮಾನು ಕಟ್ಟುತ್ತಿದ್ದರೂ ಕಿವಿ ಪಕ್ಕದ ಪುಟ್ಟ ಪೆಟ್ಟಿಗೆಯ ಕಡೆ ಇರುತ್ತದೆ. ಅದು ಕನ್ನಡದಲ್ಲಿ ಇಷ್ಟು ರೂಪಾಯಿ ಬಂದಿದೆ ಎಂದು ಉಲಿದ ಮೇಲೆಯೇ ಪೊಟ್ಟಣ ನಮ್ಮ ಕೈಗೆ ಬರುತ್ತದೆ.